ಮೂರೆಲೆಯ ಬಳ್ಳಿ

ಗಿಡಮರಗಳ ಗುರುತು ಹಿಡಿಯುವುದು ಒಂದು ವಿದ್ಯೆ. ಅದು ಪುಸ್ತಕದಿಂದ ಸ್ವಲ್ಪ, ಹಿರಿಯರ ಬಾಯಿಂದ ಸ್ವಲ್ಪ, ಕಾಲ್ನಡಿಗೆಯಿಂದ ಬಹಳಷ್ಟು ಬರುವಂಥದು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ತಾಯಿನುಡಿಯಂತೆ ತಾನಾಗಿಯೇ ಒದಗಿರುತ್ತದೆ. ಯಾವ ಸೊಪ್ಪು ತಂಬುಳಿಗೆ ಆದೀತು, ಯಾವ ಬಳ್ಳಿ ಹೊರೆ ಕಟ್ಟಲು ಬಂದೀತು, ಯಾವ ಮರದ ಬುಡದಲ್ಲಿ ನಿಲ್ಲಬಾರದು ಎಂಬುದನ್ನು ಯಾರಿಂದ, ಯಾವಾಗ ಕಲಿತಿರೆಂದು ಕೇಳಿದರೆ ಅವರಿಗೇ ಹೇಳಲು ತಿಳಿಯದು. ಆದರೆ ಹುಟ್ಟೂರಿನ ಮಾತು ಪರದೇಶದ ಸಂತೆಯಲ್ಲಿ ನಡೆಯದಿರುವಂತೆ, ಹುಟ್ಟೂರಿನ ಕಾಡು ಕಲಿಸಿದ ಪಾಠವೂ ಪರದೇಶದ ಕಾಡಿನಲ್ಲಿ ಒಮ್ಮೊಮ್ಮೆ ಸಾಲದೆ ಹೋಗುತ್ತದೆ. ತೀರ್ಥಹಳ್ಳಿಯ ಕಡೆಯ ಹಿರಿಯ ಅಡಕೆ ಬೆಳೆಗಾರರೊಬ್ಬರಿಗೆ ಈ ಮಾತು ಮನವರಿಕೆಯಾದದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ತಮ್ಮ ಮಗನ ಮನೆಯ ಹಿತ್ತಲಿನಲ್ಲಿ.

ಆ ಮನೆ ಪೊಟೊಮ್ಯಾಕ್ ನದಿಗೆ ಹೆಚ್ಚು ದೂರವಲ್ಲದ ಒಂದು ಬಡಾವಣೆಯಲ್ಲಿತ್ತು. ಹಿತ್ತಲಿಗೆ ಮರದ ಹಲಗೆಗಳ ಬೇಲಿ. ಬೇಲಿಯ ಆಚೆಗೆ ಒಂದು ತುಂಡು ಕಾಡು. ಅಜ್ಜ, ಅಜ್ಜಿ ಅಲ್ಲಿಗೆ ಹೋದದ್ದು ಮೇ ತಿಂಗಳಿನಲ್ಲಿ. ಚಳಿಗಾಲವೆಲ್ಲ ಬೋಳಾಗಿ ನಿಂತಿದ್ದ ಮರಗಳು ಆಗ ತಾನೇ ಎಲೆಯುಟ್ಟು ನಿಂತಿದ್ದವು. ಮಗ ಸೊಸೆಯರು ಬೆಳಗಾದರೆ ಕೆಲಸಕ್ಕೆ, ಹನ್ನೆರಡು ವರ್ಷದ ಮೊಮ್ಮಗ ಶಾಲೆಗೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಇನ್ನೂ ತೊದಲು ಮಾತನಾಡುತ್ತಿದ್ದ ಮೊಮ್ಮಗಳು. ಜೀವಮಾನವೆಲ್ಲ ತೋಟದಲ್ಲಿ ದುಡಿದ ಕೈಗಳಿಗೆ ಸುಮ್ಮನೆ ಕುಳಿತಿರುವುದು ಒಗ್ಗಲಿಲ್ಲ. ಮೂರನೆಯ ದಿನಕ್ಕೆ ಅಜ್ಜನ ಕಣ್ಣು ಬೇಲಿಯ ಮೇಲೆ ಬಿತ್ತು.

ಬೇಲಿಯ ಉದ್ದಕ್ಕೂ ಒಂದು ಬಳ್ಳಿ ಹಬ್ಬಿಕೊಂಡಿತ್ತು. ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. ಚಿಗುರು ನಸುಗೆಂಪು, ಎಣ್ಣೆ ಸವರಿದಂತೆ ಹೊಳಪು. ನಡುವಿನ ಎಲೆ ಉದ್ದನೆಯ ತೊಟ್ಟಿನ ತುದಿಯಲ್ಲಿ ಮುಂದಕ್ಕೆ ಚಾಚಿಕೊಂಡಿದ್ದರೆ ಅಕ್ಕಪಕ್ಕದ ಎರಡು ಎಲೆಗಳು ಕಾಂಡಕ್ಕೆ ಅಂಟಿದಂತೆ ಕುಳಿತಿದ್ದವು. ನೋಡಿದೊಡನೆ ಅಜ್ಜನಿಗೆ ಊರ ದೇವಸ್ಥಾನದ ಮುಂದಿನ ಬಿಲ್ವದ ಮರ ನೆನಪಾಯಿತು. ಮೂರು ಎಲೆಯ ಗಿಡವೆಂದರೆ ಅವರ ಪಾಲಿಗೆ ಪೂಜೆಗೆ ಸಲ್ಲುವ ಗಿಡ, ಇಲ್ಲವೇ ಅವರೆ ತೊಗರಿಗಳಂತೆ ಊಟಕ್ಕೆ ಒದಗುವ ಗಿಡ. ಅದರಲ್ಲಿ ಕೇಡಿರಬಹುದೆಂಬ ಸಂಶಯ ಅವರ ಮನಸ್ಸಿನ ಹತ್ತಿರಕ್ಕೂ ಸುಳಿಯಲಿಲ್ಲ. ಬಳ್ಳಿ ಚೆಲುವಾಗಿತ್ತು, ನಿಜ. ಆದರೆ ಬೇಲಿಯನ್ನು ಹೀಗೆ ಬಳ್ಳಿ ನುಂಗಲು ಬಿಡುವುದು ತೋಟಗಾರನ ಲಕ್ಷಣವಲ್ಲ. ಅವರು ತೋಳು ಮಡಚಿ, ಬರಿಗೈಯಿಂದ ಬಳ್ಳಿಯನ್ನು ಕಿತ್ತು ಎಳೆಯತೊಡಗಿದರು. ಎರಡು ಗಂಟೆಯಲ್ಲಿ ಬೇಲಿ ಚೊಕ್ಕಟವಾಯಿತು. ಹಿತ್ತಲಿನ ಮೂಲೆಯಲ್ಲಿ ಎದೆಯೆತ್ತರದ ಒಂದು ರಾಶಿ ಬಿತ್ತು.

ಊರಿನಲ್ಲಾಗಿದ್ದರೆ ಮುಂದಿನ ಕೆಲಸ ಸುಲಭ. ಕಸವನ್ನು ಬಾಡಲು ಬಿಟ್ಟು, ಒಣ ತರಗೆಲೆ ಒಡ್ಡಿ ಬೆಂಕಿ ಕೊಡುವುದು, ಬೂದಿಯನ್ನು ಗಿಡಗಳ ಬುಡಕ್ಕೆ ಹಾಕುವುದು. ಮಧ್ಯಾಹ್ನದ ಊಟವಾದ ಮೇಲೆ ಅಜ್ಜ ರಾಶಿಯ ಕೆಳಗೆ ಒಣ ಕಡ್ಡಿಗಳನ್ನು ತುರುಕಿದರು. ಗಾಳಿ ಮನೆಯ ಕಡೆಗೆ ಬೀಸುತ್ತಿತ್ತು. ಅಜ್ಜಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕಡ್ಡಿಪೆಟ್ಟಿಗೆಯನ್ನು ತೆರೆಯುವಷ್ಟರಲ್ಲಿ ಶಾಲೆಯಿಂದ ಬಂದ ಮೊಮ್ಮಗ ಗೇಟಿನ ಬಳಿಯಿಂದಲೇ ಕಿರಿಚಿದ: “ಅಜ್ಜಾ, ಬೇಡ! ಅದನ್ನು ಸುಡಬಾರದು!”

ಹುಡುಗ ಓಡಿಬಂದ. ರಾಶಿಯಿಂದ ಎರಡು ಮಾರು ದೂರದಲ್ಲೇ ನಿಂತು ಅದನ್ನು ದಿಟ್ಟಿಸಿ ನೋಡಿದ. ಆಮೇಲೆ ಅಜ್ಜನ ಕೈಗಳನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು. “ಇದು ಪಾಯ್ಸನ್ ಐವಿ” ಎಂದ. “ಶಾಲೆಯ ಶಿಬಿರದಲ್ಲಿ ಇದನ್ನೇ ಮೊದಲು ತೋರಿಸಿಕೊಟ್ಟರು. ಬನ್ನಿ, ಈಗಲೇ ಕೈ ತೊಳೆಯಬೇಕು.” ಅಜ್ಜನಿಗೆ ನಗು ಬಂತು. ಎಪ್ಪತ್ತು ವರ್ಷ ಕಾಡಿನ ಮಗ್ಗುಲಲ್ಲೇ ಬಾಳಿದವರಿಗೆ ಹನ್ನೆರಡರ ಪೋರ ಗಿಡದ ಪಾಠ ಹೇಳುವುದೇ! ಆದರೂ ಹುಡುಗನ ದನಿಯಲ್ಲಿದ್ದ ಕಳವಳವನ್ನು ಕಂಡು ಅವರು ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟು ಹಿಂಬಾಲಿಸಿದರು. ಹುಡುಗ ನಲ್ಲಿಯ ಕೆಳಗೆ ಅವರ ಕೈಗಳನ್ನು ಹಿಡಿಸಿ ಸಾಬೂನಿನಿಂದ ಮತ್ತೆ ಮತ್ತೆ ತೊಳೆಸಿದ. ಉಗುರಿನ ಸಂದುಗಳನ್ನೂ ಬಿಡಲಿಲ್ಲ. ತೊಟ್ಟ ಬಟ್ಟೆಗಳನ್ನು ಬೇರೆಯಾಗಿ ಒಗೆಯಲು ಹಾಕಿಸಿದ. ಕತ್ತಿಯ ಹಿಡಿಯನ್ನೂ ಬಿಡದೆ ಒರೆಸಿದ. ಈ ಬಳ್ಳಿಯ ಎಣ್ಣೆಯಂಥ ಸೊನೆ ಬಟ್ಟೆಗೋ ಆಯುಧಕ್ಕೋ ನಾಯಿಯ ರೋಮಕ್ಕೋ ಮೆತ್ತಿಕೊಂಡರೆ ತಿಂಗಳುಗಟ್ಟಲೆ ಉಳಿದು, ಬಳ್ಳಿಯನ್ನು ಕಣ್ಣಿನಿಂದಲೂ ಕಾಣದವರನ್ನು ಕಾಡಬಲ್ಲದು. ಸೊನೆ ತಾಗಿದ ಕೆಲವು ನಿಮಿಷಗಳೊಳಗೆ ತೊಳೆದರೆ ಹೆಚ್ಚು ಫಲ. ಅಜ್ಜ ತೊಳೆದದ್ದು ಗಂಟೆಗಳು ಕಳೆದ ಮೇಲೆ.

ಮರುದಿನ ಏನೂ ಆಗಲಿಲ್ಲ. ಅಜ್ಜ ಮೊಮ್ಮಗನನ್ನು ನೋಡಿ ಮೀಸೆಯಲ್ಲೇ ನಕ್ಕರು. ಅದರ ಮರುದಿನ ಬೆಳಗ್ಗೆ ಮೊಣಕೈಯವರೆಗೆ ಗೆರೆಗೆರೆಯಾಗಿ ಕೆಂಪು ಬಾಸುಂಡೆಗಳೆದ್ದವು. ಸಂಜೆಗೆ ಅವು ನೀರುಗುಳ್ಳೆಗಳಾದವು. ತುರಿಕೆ ರಾತ್ರಿಯ ನಿದ್ದೆಯನ್ನು ಕಸಿದುಕೊಂಡಿತು. ವೈದ್ಯರು ಮುಲಾಮು ಮಾತ್ರೆಗಳನ್ನು ಕೊಟ್ಟರು. ಪೂರ್ಣ ಗುಣವಾಗಲು ಮೂರು ವಾರ ಹಿಡಿಯಬಹುದೆಂದೂ ಹೇಳಿದರು. ಗುಳ್ಳೆಯೊಡೆದು ಬರುವ ನೀರಿನಿಂದ ಈ ಬೇನೆ ಹಬ್ಬುವುದಿಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ ಎಂದು ತಿಳಿದ ಮೇಲೆಯೇ ಅಜ್ಜಿ ಮಗುವನ್ನು ಅಜ್ಜನ ಹತ್ತಿರ ಬಿಟ್ಟರು.

ವೈದ್ಯರು ಹೇಳಿದ ಇನ್ನೊಂದು ಮಾತು ಅಜ್ಜನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಈ ಬಳ್ಳಿಯನ್ನು ಸುಟ್ಟರೆ ಅದರ ಸೊನೆ ಹೊಗೆಯ ಕಣಗಳೊಡನೆ ಗಾಳಿಗೇರುತ್ತದೆ. ಆ ಹೊಗೆಯನ್ನು ಉಸಿರಾಡಿದವರ ಮೂಗು, ಗಂಟಲು, ಶ್ವಾಸಕೋಶಗಳ ಒಳಭಾಗದಲ್ಲಿ ಇದೇ ಉರಿಯೂತ ಉಂಟಾಗಬಹುದು. ಅದು ಪ್ರಾಣಾಪಾಯದವರೆಗೂ ಹೋಗಬಹುದು. ಕೈಯ ಮೇಲಿನ ಬೊಕ್ಕೆಗಳನ್ನು ನೋಡುತ್ತ ಅಜ್ಜ ಮನೆಯ ಕಡೆಗೆ ಬೀಸುತ್ತಿದ್ದ ಗಾಳಿಯನ್ನು ನೆನೆದರು. ಮೆಟ್ಟಿಲ ಮೇಲೆ ಅಜ್ಜಿಯ ಮಡಿಲಲ್ಲಿ ಕುಳಿತಿದ್ದ ಮಗುವನ್ನು ನೆನೆದರು. ಅಂದಿನಿಂದ ಮೊಮ್ಮಗನ ಮಾತಿಗೆ ಅವರು ನಗಲಿಲ್ಲ. ಒಂದು ಬೆಳಗ್ಗೆ ಅವನನ್ನು ಕರೆದು, “ಆ ಗಿಡವನ್ನು ನನಗೆ ಸರಿಯಾಗಿ ತೋರಿಸಿಕೊಡು” ಎಂದರು.

ಪೊಟೊಮ್ಯಾಕ್ ನದಿಯ ದಡದಲ್ಲಿ ಒಂದು ಹಳೆಯ ಕಾಲುವೆಯಿದೆ. ವಾಷಿಂಗ್ಟನ್ನಿನಿಂದ ಕಂಬರ್ಲ್ಯಾಂಡ್ ಎಂಬ ಊರಿನವರೆಗೆ ಸುಮಾರು 297 ಕಿಲೋಮೀಟರು ಉದ್ದವಾಗಿರುವ ಈ ಕಾಲುವೆಯ ಕೆಲಸ 1828ರಲ್ಲಿ ಆರಂಭವಾಗಿ 1850ರಲ್ಲಿ ಮುಗಿಯಿತು. ದಡದ ದಾರಿಯಲ್ಲಿ ಹೇಸರಗತ್ತೆಗಳು ನಡೆಯುತ್ತ, ಕಲ್ಲಿದ್ದಲು ತುಂಬಿದ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. 1924ರಲ್ಲಿ ದೋಣಿಗಳ ಸಂಚಾರ ನಿಂತುಹೋಯಿತು. 1971ರಲ್ಲಿ ಆ ಕಾಲುವೆಯೂ ದಡದ ದಾರಿಯೂ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದವು. ಈಗ ಅದು ನಡೆಯುವವರ, ಸೈಕಲ್ ಸವಾರರ ದಾರಿ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಾಲುವೆ, ನಡುವೆ ಬಿಸಿಲು ನೆರಳುಗಳ ಉದ್ದನೆಯ ಓಣಿ. ಮೂರೆಲೆಯ ಬಳ್ಳಿಗೆ ಇದಕ್ಕಿಂತ ಪ್ರಿಯವಾದ ಜಾಗ ಇನ್ನೊಂದಿಲ್ಲ. ಅಜ್ಜ ಮೊಮ್ಮಗರ ಪಾಠಶಾಲೆ ಅಲ್ಲಿಯೇ ನಡೆಯಿತು.

ಮೊದಲ ಪಾಠ ಎಲೆಯದು. ಮೂರು ಎಲೆ ಕಂಡರೆ ಮುಟ್ಟದೆ ಬಿಡಬೇಕೆಂಬುದು ಆ ದೇಶದ ಮಕ್ಕಳಿಗೆಲ್ಲ ಬಾಯಿಪಾಠವಾಗಿರುವ ಎಚ್ಚರಿಕೆ. ಆದರೆ ಮೂರೆಲೆಯ ಗಿಡಗಳು ಹಲವಾರಿರುವುದರಿಂದ ಆ ಎಚ್ಚರಿಕೆಯೊಂದೇ ಸಾಲದು. ನಿಜವಾಗಿ ನೋಡಿದರೆ ಅವು ಮೂರು ಎಲೆಗಳಲ್ಲ. ಒಂದೇ ಎಲೆಯ ಮೂರು ಕಿರುಎಲೆಗಳು. ನಡುವಿನ ಕಿರುಎಲೆಗೆ ಉದ್ದನೆಯ ತೊಟ್ಟು; ಪಕ್ಕದವುಗಳಿಗೆ ತೊಟ್ಟು ಇದ್ದೂ ಇಲ್ಲದಂತೆ. ಅಂಚು ಒಮ್ಮೆ ನುಣುಪು, ಒಮ್ಮೆ ಒರಟಾದ ಹಲ್ಲು. ಪಕ್ಕದ ಕಿರುಎಲೆಗಳಲ್ಲಿ ಅನೇಕ ವೇಳೆ ಒಂದು ಕಡೆ ಮಾತ್ರ ಚಾಚು ಇದ್ದು, ಹೆಬ್ಬೆರಳನ್ನು ಬಿಡಿಸಿ ಹಿಡಿದ ಅಂಗೈಯಂತೆ ಕಾಣುತ್ತದೆ. ಕಾಂಡದ ಮೇಲೆ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಹುಟ್ಟುವುದಿಲ್ಲ. ಒಂದು ಈ ಬದಿಗೆ, ಮುಂದಿನದು ಸ್ವಲ್ಪ ಮೇಲೆ ಆ ಬದಿಗೆ. ಮುಳ್ಳು ಎಲ್ಲಿಯೂ ಇರುವುದಿಲ್ಲ.

“ಬಿಲ್ವಕ್ಕೆ ಮುಳ್ಳಿದೆ” ಎಂದು ಅಜ್ಜ ಮೆಲ್ಲಗೆ ಹೇಳಿಕೊಂಡರು. ಬಳ್ಳಿಯನ್ನು ಕೀಳುವಾಗ ಆ ಒಂದು ಮಾತು ನೆನಪಾಗಿದ್ದರೆ ಸಾಕಾಗಿತ್ತು. ಎರಡಕ್ಕೂ ಇರುವ ಹೋಲಿಕೆಯನ್ನು ಕಣ್ಣು ಬೇಗ ಹಿಡಿದಿತ್ತು. ವ್ಯತ್ಯಾಸವನ್ನು ಹುಡುಕುವ ವ್ಯವಧಾನ ಮಾತ್ರ ಇರಲಿಲ್ಲ.

ಎರಡನೆಯ ಪಾಠ ವೇಷಧಾರಿಗಳದು. ಅದೇ ದಾರಿಯಲ್ಲಿ ವರ್ಜೀನಿಯಾ ಕ್ರೀಪರ್ ಎಂಬ ಇನ್ನೊಂದು ಬಳ್ಳಿಯೂ ಮರಗಳಿಗೆ ಹಬ್ಬುತ್ತದೆ. ಅದಕ್ಕೆ ಕೈಬೆರಳುಗಳಂತೆ ಐದು ಕಿರುಎಲೆ, ಹಣ್ಣು ಕಡುನೀಲಿ. ಬ್ಲ್ಯಾಕ್‌ಬೆರಿಯ ಪೊದೆಗೂ ಮೂರು ಕಿರುಎಲೆಗಳಿರುವುದುಂಟು. ಆದರೆ ಅದರ ಕಾಂಡದ ತುಂಬ ಮುಳ್ಳು. ಎಲ್ಲರಿಗಿಂತ ಹೆಚ್ಚು ಮೋಸ ಮಾಡುವುದು ಬಾಕ್ಸ್ ಎಲ್ಡರ್ ಎಂಬ ಮರದ ಎಳೆಯ ಸಸಿ. ಅದರ ಮೂರು ಕಿರುಎಲೆಗಳನ್ನು ನೋಡಿ ಬಲ್ಲವರೂ ಬೆಚ್ಚುತ್ತಾರೆ. ಆದರೆ ಅದರ ಎಲೆಗಳು ಕಾಂಡದ ಎರಡು ಬದಿಗೆ ಎದುರುಬದುರಾಗಿ, ಜೋಡೆತ್ತುಗಳಂತೆ ಹುಟ್ಟುತ್ತವೆ. ಎಲೆಯನ್ನಷ್ಟೇ ನೋಡುವವನು ತಪ್ಪುತ್ತಾನೆ. ಎಲೆ ಹುಟ್ಟಿದ ಕಾಂಡವನ್ನೂ ನೋಡುವವನು ಪಾರಾಗುತ್ತಾನೆ.

ಮೂರನೆಯದು ಬಳ್ಳಿಯ ಪಾಠ. ಈ ಸಸ್ಯಕ್ಕೆ ಒಂದೇ ರೂಪವಿಲ್ಲ. ನೆರಳಿನ ನೆಲದಲ್ಲಿ ಅದು ಪಾದದೆತ್ತರದ ಹಾಸಾಗಿ ಹರಡುತ್ತದೆ. ಬಯಲಿನಲ್ಲಿ, ಕಡಲತೀರದ ಮರಳುದಿಬ್ಬಗಳಲ್ಲಿ ಪೊದೆಯಾಗಿ ನಿಲ್ಲುತ್ತದೆ. ಆಸರೆ ಸಿಕ್ಕಿತೆಂದರೆ ಮರವನ್ನೇರಿ, ಅದರ ನೆತ್ತಿಯ ಬಳಿ ಸ್ವಂತ ಕೊಂಬೆಗಳನ್ನು ಚಾಚುತ್ತದೆ. ಏರುವಾಗ ಕಾಂಡದ ತುಂಬ ನವಿರಾದ ಬೇರುಗಳನ್ನು ಬಿಟ್ಟು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ. ಹಳೆಯ ಬಳ್ಳಿ ಮುಂಗೈಯಷ್ಟು ದಪ್ಪವಾಗಿ, ಕಂದು ರೋಮ ಹೊದ್ದ ಹಗ್ಗದಂತೆ ಮರಕ್ಕೆ ಅಂಟಿಕೊಂಡಿರುತ್ತದೆ. ಎಲೆಯುದುರಿದ ಚಳಿಗಾಲದಲ್ಲಿ ಆ ರೋಮವೇ ಅದರ ಗುರುತು. ಎಲೆ ಹೋದರೂ ಸೊನೆ ಹೋಗಿರುವುದಿಲ್ಲ; ಕಡಿದು ಒಣಗಿಸಿದ ಬಳ್ಳಿಯೂ ಸುರಕ್ಷಿತವಲ್ಲ.

ಋತುಗಳೊಡನೆ ಅದರ ಬಣ್ಣವೂ ಬದಲಾಗುತ್ತದೆ. ವಸಂತದಲ್ಲಿ ನಸುಗೆಂಪು ಚಿಗುರು. ಬೇಸಗೆಯಲ್ಲಿ ಹಸಿರೆಲೆಗಳ ಮರೆಯಲ್ಲಿ ಹಸಿರುಬಿಳಿ ಬಣ್ಣದ ಸಣ್ಣ ಹೂಗೊಂಚಲು. ಆಮೇಲೆ ಮೆಣಸುಕಾಳಿನಷ್ಟು ಗಾತ್ರದ, ಮಾಸಲು ಬಿಳಿಯ ಹಣ್ಣು. ಶರತ್ಕಾಲದಲ್ಲಿ ಇಡೀ ಬಳ್ಳಿ ಕೆಂಪು, ಕಿತ್ತಳೆ, ಹಳದಿಗಳಲ್ಲಿ ಉರಿಯುವಂತೆ ತೋರುತ್ತದೆ. ಅದರ ಚೆಲುವಿಗೆ ಮರುಳಾಗಿ, ಹೂದಾನಿಗೆಂದು ಗೊಂಚಲು ಗೊಂಚಲಾಗಿ ಕಿತ್ತು ತಂದು ಪರಿತಪಿಸಿದವರಿದ್ದಾರೆ.

ಪಾಯ್ಸನ್ ಐವಿಯ ಹೆಸರಿನಲ್ಲೇ ಒಂದು ಹಳೆಯ ತಪ್ಪು ಅಡಗಿದೆ. ಐವಿ ಎಂಬುದು ಇಂಗ್ಲೆಂಡಿನ ಗೋಡೆಗಳಿಗೆ ಹಬ್ಬುವ ಬೇರೊಂದು ಬಳ್ಳಿ. ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಇಂಗ್ಲಿಷರಿಗೆ ಹೊಸ ನೆಲದ ಈ ಬಳ್ಳಿ ತಮ್ಮ ಊರಿನ ಐವಿಯಂತೆಯೇ ಕಂಡಿತು. ಕ್ಯಾಪ್ಟನ್ ಜಾನ್ ಸ್ಮಿತ್ 1624ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ, ಆಕಾರದಲ್ಲಿ ಇಂಗ್ಲಿಷ್ ಐವಿಯನ್ನು ಹೋಲುವ, ಮುಟ್ಟಿದರೆ ಕೆಂಪು, ತುರಿಕೆ, ಬೊಕ್ಕೆಗಳನ್ನುಂಟುಮಾಡುವ ಗಿಡವೊಂದನ್ನು ವರ್ಣಿಸಿದ್ದಾನೆ. ಅವನ ಕಣ್ಣಿಗೆ ಐವಿ, ಅಜ್ಜನ ಕಣ್ಣಿಗೆ ಬಿಲ್ವ. ಹೊಸ ನಾಡಿಗೆ ಬಂದವರೆಲ್ಲ ಮೊದಲು ಕಾಣುವುದು ಹಳೆಯ ನಾಡನ್ನೇ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ‘ಬೇರು ಬಿಡುವಂಥದು’ ಎಂಬ ಅರ್ಥದ ‘ರ‍್ಯಾಡಿಕಾನ್ಸ್’ ಎಂಬ ಹೆಸರನ್ನು ಕೊಟ್ಟ. ಇಂದಿನ ಶಾಸ್ತ್ರೀಯ ನಾಮ ಟಾಕ್ಸಿಕೊಡೆಂಡ್ರಾನ್ ರ‍್ಯಾಡಿಕಾನ್ಸ್. ಮೊದಲ ಪದಕ್ಕೆ ‘ವಿಷವೃಕ್ಷ’ ಎಂದರ್ಥ.

ವಿಷವೃಕ್ಷವೆಂದು ಕರೆದರೂ ಅದರ ಸೊನೆ ಹಾವಿನ ವಿಷದಂಥದಲ್ಲ. ಆ ಸೊನೆಯಲ್ಲಿರುವ ವಸ್ತುವಿನ ಹೆಸರು ಉರುಷಿಯಾಲ್. ಅದು ಚರ್ಮದೊಳಗೆ ಇಳಿದಾಗ ದೇಹದ ಕಾವಲುಪಡೆ ಅದನ್ನು ಶತ್ರುವೆಂದು ಬಗೆದು ದಾಳಿಮಾಡುತ್ತದೆ. ಬೊಕ್ಕೆಗಳು ಆ ದಾಳಿಯ ಗುರುತುಗಳು. ಎಂದರೆ ಗಾಯ ಮಾಡುವುದು ಬಳ್ಳಿಗಿಂತ ಹೆಚ್ಚಾಗಿ ಮನುಷ್ಯನ ಸ್ವಂತ ದೇಹವೇ. ಅನೇಕರಿಗೆ ಮೊದಲ ಸಲ ತಾಗಿದಾಗ ಏನೂ ಆಗದೆ ಹೋಗಬಹುದು, ಇಲ್ಲವೇ ಬೊಕ್ಕೆಗಳು ಬಹಳ ತಡವಾಗಿ ಏಳಬಹುದು. ಆ ಸಲ ದೇಹ ಶತ್ರುವಿನ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಒಂದೆರಡು ದಿನಗಳೊಳಗೆ ದಂಡೆತ್ತಿ ಬರುತ್ತದೆ.

ಹಾಗಿದ್ದರೆ ಜನ್ಮದಲ್ಲಿ ಮೊದಲ ಸಲ ಈ ಬಳ್ಳಿಯನ್ನು ಮುಟ್ಟಿದ ಅಜ್ಜನಿಗೆ ಎರಡೇ ದಿನಗಳಲ್ಲಿ ಬೊಕ್ಕೆಯೆದ್ದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರಕಿದಾಗ ಅಜ್ಜನ ಬೆರಗಿಗೆ ಮಿತಿಯಿರಲಿಲ್ಲ. ಪಾಯ್ಸನ್ ಐವಿ ಮಾವಿನ ಕುಟುಂಬಕ್ಕೆ ಸೇರಿದ ಸಸ್ಯ! ಗೋಡಂಬಿ, ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಮಲೆನಾಡಿನ ಹೊಳೆದಂಡೆಯ ಹೊಳೆಗಾರ, ಇವೆಲ್ಲ ಅದರ ಬಂಧುಗಳು. ಅವುಗಳ ಸೊನೆಯಲ್ಲಿಯೂ ಉರುಷಿಯಾಲಿನ ಒಡಹುಟ್ಟುಗಳಂಥ ವಸ್ತುಗಳಿವೆ. ಎಳೆಯ ಮಾವಿನಕಾಯಿಯ ಸೊನೆ ತಾಗಿ ತುಟಿಯ ಅಂಚು ಸುಟ್ಟುಕೊಳ್ಳದ ಮಗು ಮಲೆನಾಡಿನಲ್ಲಿ ಯಾವುದಿದೆ? ಗೋಡಂಬಿ ಬೀಜವನ್ನು ಒಡೆದು ತಿರುಳು ತೆಗೆಯುವ ಕಾರ್ಮಿಕರು ಸಿಪ್ಪೆಯ ಎಣ್ಣೆ ಕೈಯನ್ನು ಸುಡದಂತೆ ಎಚ್ಚರ ವಹಿಸಬೇಕಾದದ್ದೂ ಇದೇ ಕಾರಣಕ್ಕೆ. ಅಜ್ಜನ ದೇಹ ತನ್ನ ಪಾಠವನ್ನು ಬಹುಶಃ ಬಾಲ್ಯದಲ್ಲೇ, ಹುಟ್ಟೂರಿನ ಮರಗಳಿಂದಲೇ ಕಲಿತಿತ್ತು. ಕಣ್ಣು ಗುರುತಿಸದ ನಂಟನ್ನು ಚರ್ಮ ಗುರುತಿಸಿತ್ತು.

ಉರುಷಿಯಾಲ್ ಎಂಬ ಹೆಸರು ಬಂದದ್ದು ಜಪಾನಿನಿಂದ. ಅಲ್ಲಿ ‘ಉರುಷಿ’ ಎಂದರೆ ಅರಗಿನಂಥ ಮೆರುಗೆಣ್ಣೆ. ಇದೇ ಕುಲದ ಒಂದು ಮರದ ಸೊನೆ. ಗಾಳಿಯ ಸೋಂಕಿನಿಂದ ಗಟ್ಟಿಯಾಗುವ ಅದನ್ನು ಪದರ ಪದರವಾಗಿ ಬಳಿದು ಜಪಾನಿನ ಕುಶಲಕರ್ಮಿಗಳು ಶತಮಾನಗಳಿಂದ ಮಿರುಗುವ ಬಟ್ಟಲು, ಪೆಟ್ಟಿಗೆಗಳನ್ನು ಮಾಡುತ್ತ ಬಂದಿದ್ದಾರೆ. ಆ ವಸ್ತುವಿನ ರಚನೆಯನ್ನು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬಿಡಿಸಿ ತೋರಿಸಿದವನು ರೀಕೊ ಮಜಿಮ ಎಂಬ ಜಪಾನಿ ರಸಾಯನವಿಜ್ಞಾನಿ. ಬರಿಗೈಗೆ ಬೊಕ್ಕೆ ತರಿಸುವ ಸೊನೆ, ಬಲ್ಲವನ ಕೈಯಲ್ಲಿ ಕಲೆಯಾಗಿದೆ.

ಇನ್ನು ಈ ಬಳ್ಳಿ ಎಲ್ಲೆಲ್ಲಿ ಬೆಳೆಯುತ್ತದೆ? ಕೆನಡಾದ ಆಗ್ನೇಯ ಭಾಗದಿಂದ ಫ್ಲಾರಿಡಾ, ಮೆಕ್ಸಿಕೋಗಳವರೆಗೆ ಉತ್ತರ ಅಮೆರಿಕದ ಪೂರ್ವಾರ್ಧವೆಲ್ಲ ಅದರ ಸೀಮೆ. ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಅದರ ಸ್ಥಾನವನ್ನು ಪಾಯ್ಸನ್ ಓಕ್ ಎಂಬ ಸೋದರ ಸಸ್ಯ ವಹಿಸಿಕೊಂಡಿದೆ. ಪೂರ್ವದ ಜೌಗು ನೆಲಗಳಲ್ಲಿ ಪಾಯ್ಸನ್ ಸುಮಾಕ್ ಎಂಬ ಮತ್ತೊಂದು ಸೋದರನಿದೆ. ಅದಕ್ಕೆ ಮೂರಲ್ಲ, ಏಳರಿಂದ ಹದಿಮೂರು ಕಿರುಎಲೆಗಳು. ಕಾಡುಪ್ರಾಣಿಯಂತೆ ಪಾಯ್ಸನ್ ಐವಿ ನಟ್ಟಡವಿಯಲ್ಲಿ ಅಡಗಿರುತ್ತದೆಂದು ಭಾವಿಸುವುದು ತಪ್ಪು. ದಟ್ಟವಾದ ನೆರಳಿನಲ್ಲಿ ಅದು ಬದುಕಬಲ್ಲದು. ಆದರೆ ಸೊಕ್ಕಿ ಬೆಳೆಯುವುದು ಕಾಡಿನ ಅಂಚಿನಲ್ಲಿ. ಹೊಳೆಯ ದಡ, ರಸ್ತೆಯ ಬದಿ, ಬೇಲಿಯ ಸಾಲು, ಪಾಳುಬಿದ್ದ ಹೊಲ ಇವೇ ಅದರ ನೆಲೆಗಳು. ಮನುಷ್ಯ ಕಾಡನ್ನು ಕಡಿದು ದಾರಿ ಮಾಡಿದಂತೆಲ್ಲ, ಮನೆ ಕಟ್ಟಿ ಬೇಲಿ ಹಾಕಿದಂತೆಲ್ಲ ಅಂಚುಗಳು ಹೆಚ್ಚುತ್ತವೆ. ಅಂಚುಗಳು ಹೆಚ್ಚಿದಂತೆ ಮೂರೆಲೆಯ ಬಳ್ಳಿಯೂ ಹೆಚ್ಚುತ್ತದೆ. ಇಷ್ಟೇ ಅಲ್ಲ. ಉತ್ತರ ಕ್ಯಾರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದ ಕಾಡಿನಲ್ಲಿ ವಿಜ್ಞಾನಿಗಳು ಆರು ವರ್ಷಗಳ ಕಾಲ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹೆಚ್ಚಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅಲ್ಲಿಯ ಪಾಯ್ಸನ್ ಐವಿ ಹೆಚ್ಚು ವೇಗವಾಗಿ ಬೆಳೆಯಿತು. ಅದರ ಉರುಷಿಯಾಲ್ ಹೆಚ್ಚು ತೀಕ್ಷ್ಣವೂ ಆಯಿತು. ಹೊಗೆಗೊಳವೆಗಳಿಂದ ಗಾಳಿಗೆ ಬಿಟ್ಟದ್ದು ಬೇಲಿಯ ಬಳ್ಳಿಯ ಮೂಲಕ ಮನುಷ್ಯನ ಚರ್ಮಕ್ಕೇ ಮರಳಿ ಬರಬಹುದು.

“ಇಷ್ಟು ಕೆಟ್ಟ ಗಿಡವನ್ನು ಬೇರುಸಹಿತ ನಾಶಮಾಡಬಾರದೇ?” ಎಂದು ಅಜ್ಜ ಒಮ್ಮೆ ಕೇಳಿದರು. ಉತ್ತರ ಕಾಲುವೆಯ ದಾರಿಯಲ್ಲೇ ಸಿಕ್ಕಿತು. ಅದು ಶರತ್ಕಾಲ. ಬೃಹತ್ತಾದ ಸಿಕಮೋರ್ ಮರವೊಂದನ್ನು ಹತ್ತಿದ್ದ ಬಳ್ಳಿಯ ತುದಿಯಲ್ಲಿ ಬಿಳಿಯ ಹಣ್ಣುಗಳನ್ನು ಮರಕುಟಿಗವೊಂದು ಕುಕ್ಕಿ ಕುಕ್ಕಿ ತಿನ್ನುತ್ತಿತ್ತು. ಬೇರೆ ಆಹಾರ ದೊರಕದ ಚಳಿಗಾಲದಲ್ಲಿ ಈ ಹಣ್ಣು ಎಷ್ಟೋ ಹಕ್ಕಿಗಳ ಹೊಟ್ಟೆ ಹೊರೆಯುತ್ತದೆ. ಜಿಂಕೆಗಳು ಇದರ ಎಲೆಯನ್ನು ಮೇಯುತ್ತವೆ. ಆಡುಗಳಿಗೂ ಇದು ಮೇವು. ಬಳ್ಳಿಗೆ ಮನುಷ್ಯನ ಮೇಲೆ ದ್ವೇಷವೇನೂ ಇಲ್ಲ. ಅವನು ಭೂಮಿಯ ಆ ಭಾಗಕ್ಕೆ ಕಾಲಿಡುವ ಮೊದಲೇ ಅದು ಅಲ್ಲಿ ಬೇರೂರಿತ್ತು.

ದಣಿದು ಕಾಲುವೆಯ ಕಟ್ಟೆಯ ಮೇಲೆ ಕುಳಿತಾಗ ಅಜ್ಜ ಮೊಮ್ಮಗನಿಗೆ ಹೊಳೆಗಾರದ ಕಥೆ ಹೇಳಿದರು. ಅದು ದೊಡ್ಡ ಮರ. ಉದ್ದನೆಯ ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗಿ ಹುಟ್ಟುತ್ತವೆ. ಎಲೆಯ ತೊಟ್ಟನ್ನು ಗಮನಿಸಿ ನೋಡಿದರೆ ಎರಡು ಬದಿಗೂ ಸಣ್ಣ ಮುಳ್ಳಿನಂಥ ಮೊನೆಗಳಿರುತ್ತವೆ. ತೊಗಟೆಗೆ ಏಟು ಬಿದ್ದಲ್ಲಿ ಸೊನೆ ಒಸರಿ, ಗಾಳಿ ತಾಗಿ ಕಪ್ಪಾಗುತ್ತದೆ. ಆ ಕರಿಯ ಗೆರೆಗಳನ್ನು ಕಂಡರೆ ಮಲೆನಾಡಿನ ಮಕ್ಕಳು ಸುತ್ತುಬಳಸಿ ಹೋಗುತ್ತಾರೆ. ಅಜ್ಜನಿಗೆ ಅದನ್ನು ತೋರಿಸಿಕೊಟ್ಟವರು ಅವರ ಅಜ್ಜ. “ಮರವನ್ನು ಬಯ್ಯಬೇಡ, ದೂರ ನಿಂತು ನೋಡು, ಮರೆಯಬೇಡ” ಎಂದಷ್ಟೇ ಅವರು ಹೇಳಿದ್ದರು. ಹುಡುಗ ಗಮನವಿಟ್ಟು ಕೇಳಿದ. ಪಾಯ್ಸನ್ ಐವಿಯ ಸೊನೆಯೂ ಕಾಗದಕ್ಕೆ ತಾಗಿದರೆ ಹಾಗೆಯೇ ಕಪ್ಪು ಕಲೆಯಾಗುತ್ತದೆಂದು ತಾನು ಕಲಿತದ್ದನ್ನು ಹೇಳಿದ. ಎರಡು ಖಂಡಗಳ ಎರಡು ಗಿಡಗಳು ಒಂದೇ ಕಪ್ಪು ಮಸಿಯಲ್ಲಿ ತಮ್ಮ ಸಂಬಂಧವನ್ನು ಬರೆದುಕೊಂಡಿದ್ದವು.

ಹಿತ್ತಲಿನಲ್ಲಿ ರಾಶಿಬಿದ್ದಿದ್ದ ಬಳ್ಳಿಯನ್ನು ಸುಡಲಿಲ್ಲ. ಮಗ ದಪ್ಪನೆಯ ಕೈಗವಸು, ಉದ್ದ ತೋಳಿನ ಅಂಗಿ ತೊಟ್ಟು ಅದನ್ನು ದಪ್ಪ ಚೀಲಗಳಲ್ಲಿ ತುಂಬಿ ಸಾಗಹಾಕಿದ. ಮಕ್ಕಳು ಆಡುವ ಜಾಗದಲ್ಲಿ ಚಿಗುರು ಮತ್ತೆ ಕಾಣಿಸಿಕೊಂಡಾಗಲೂ ಹಾಗೆಯೇ ಎಚ್ಚರದಿಂದ ತೆಗೆದರು. ಆದರೆ ಬೇಲಿಯಾಚೆಯ ಕಾಡಿನಲ್ಲಿ, ಹಳೆಯ ಮರವೊಂದರ ನೆತ್ತಿಗೇರಿದ್ದ ಬಳ್ಳಿಯನ್ನು ಯಾರೂ ಮುಟ್ಟಲಿಲ್ಲ. ಅಕ್ಟೋಬರಿನಲ್ಲಿ ಅದು ಕೆಂಪಾದಾಗ ಮನೆಯವರೆಲ್ಲ ಕಿಟಕಿಯ ಬಳಿ ನಿಂತು ಅದನ್ನು ನೋಡಿದರು. ಅಜ್ಜಿ ಮಾತ್ರ, “ಚೆಂದವೇನೋ ಇದೆ, ಅಲ್ಲಿಯೇ ಇರಲಿ” ಎಂದರು.

ಎರಡು ವರ್ಷಗಳ ಮೇಲೆ ಆ ಹುಡುಗ ಬೇಸಗೆಯ ರಜೆಗೆ ಅಜ್ಜನ ಊರಿಗೆ ಬಂದ. ಮುಂಗಾರು ಆಗ ತಾನೇ ಹಿಡಿದಿತ್ತು. ತೋಟದ ಕೆಳಗಿನ ಹಳ್ಳದ ದಂಡೆಯಲ್ಲಿ ಅವನು ಅಜ್ಜನಿಗಿಂತ ಮುಂದೆ ನಡೆಯುತ್ತಿದ್ದವನು ಒಂದು ಮರದ ಮುಂದೆ ತಟ್ಟನೆ ನಿಂತ. ತೊಗಟೆಯ ಮೇಲೆ ಕಪ್ಪು ಗೆರೆಗಳಿದ್ದವು. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪುಗೂಡಿದ್ದವು. ಅವನು ಕೈ ಚಾಚಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕತ್ತೆತ್ತಿ ಎಲೆಯ ತೊಟ್ಟುಗಳನ್ನು ಹುಡುಕುತ್ತ ಬಹಳ ಹೊತ್ತು ನೋಡಿದ. ಹಿಂದಿನಿಂದ ಬಂದ ಅಜ್ಜ ಏನನ್ನೂ ಹೇಳಲಿಲ್ಲ. ಕೊಡೆಯನ್ನು ಅವನ ತಲೆಯ ಮೇಲಕ್ಕೆ ಹಿಡಿದು, ಅವನು ನೋಡಿ ಮುಗಿಸುವವರೆಗೆ ಕಾದು ನಿಂತರು.